ಅಪ್ಪ ಹೂಂ ಅಂದಿದ್ದು

ಹಾಗೆ ಮುಖ ಗಂಟು ಹಾಕ್ಕೋಬೇಡ, ಬಾ, ಈ ಬೆಂಚ್ ಮೇಲೆ ಕೂತ್ಕೋ. ಅಪ್ಪನ ಕೈಗೆ ಬಟ್ಟೆ ಚೀಲ ಕಟ್ಟಿರೋದು ನರ್ಸಮ್ಮ, ನಾನಲ್ಲ. ಗಂಜಿ ಇಳಿಸೋ ಮೂಗಿನ ಪೈಪು ಅಪ್ಪ ಕಿತ್ತು ಕಿತ್ತು ಬಿಸಾಕ್ತಿದ್ರು ಕಣೋ... ನರ್ಸಮ್ಮ ಆದ್ರೂ ಏನ್ಮಾಡ್ತಾರೆ ಪಾಪ.

ನಗ್ತೀಯಾ? ನಗು, ನಗು. ಲಕ್ವ ಹೊಡೆದು ಅಪ್ಪಂಗೆ ಮಾತು ನಿಂತಾಗಿಂದ ಈ ವೃದ್ಧಾಶ್ರಮಕ್ಕೆ ದಿನಾ ಎಡತಾಕ್ತಿರೋಳು ನಾನು. ನೀನು ಫೋನಲ್ಲಿ "ಅಕ್ಕ, ನೀನು ಹೇಗಂದ್ರೆ ಹಾಗೆ" ಅಂದೆ. ಅಂದ್ಯೋ ಇಲ್ವೋ? ಗುಟುಕು ನೀರೂ ಗಂಟಲಲ್ಲಿ ಇಳೀತಿರ್ಲಿಲ್ಲ. ಪೈಪು ಹಾಕಿದ್ರೆ ಇನ್ನಷ್ಟು ದಿನ ಇರ್ತಾರೆ, ಬೇಡ ಅಂದ್ರೆ ನೋವಾಗದ ಹಾಗೆ ನೋಡ್ಕೋತೀವಿ, ಅವರನ್ನೇ ಕೇಳೋಣ, ಅಂದ್ರು ಡಾಕ್ಟ್ರು.

ಕೇಳಿದ್ರು, ಕೇಳಿದ್ರು. ಅಪ್ಪಂಗೆ ಕಿವಿ, ಬುದ್ಧಿ ಎರಡೂ ನೆಟ್ಟಗಿವೆ. ಕೈ ಒಂದ್ಸಲ ಒತ್ತಿದ್ರೆ ಹೂಂ, ಎರಡ್ಸಲ ಒತ್ತಿದ್ರೆ ಬೇಡ... ನಾನೇ ಕಲಿಸಿಕೊಟ್ಟಿದ್ದು. ಪೈಪು ಹಾಕೋಣ್ವಾ ಅಂತ ಡಾಕ್ಟ್ರು ಬಾಯಲ್ಲಿ ಕೇಳಿದ್ರು, ಕೈ ಹಿಡ್ಕೊಂಡಿದ್ದೋಳು ನಾನು. ಹೂಂ ಅಂದ್ರು ಅಂತ ಹೇಳಿದೆ. ಮುಗೀತಲ್ಲ.

ಯಾಕೋ ಹಾಗೆ ನೋಡ್ತೀಯಾ? ಒಪ್ಕೊಂಡೋರು ಯಾಕೆ ಕೀಳ್ತಾರೆ ಅಂತಾನಾ? ಮೂಗು ಕಡಿಯುತ್ತೆ, ಕೀಳ್ತಾರೆ. ಅದಕ್ಕೂ ನಾನೇ ಹೊಣೆನಾ? ಮಗಳಿದ್ದೂ ಅಪ್ಪನ್ನ ಉಪವಾಸ ಕೆಡವಿ ಕಳಿಸಿದ್ಲು ಅಂತ ನಾಲ್ಕು ಜನ ಆಡ್ಕೊಂಡಿದ್ರೆ ನೀನು ಬಂದು ಅವರ ಬಾಯಿ ಮುಚ್ಚಿಸ್ತಿದ್ಯಾ? ನಾಳೆ ಬೆಳಿಗ್ಗೆ ಹೊಟ್ಟೆಗೇ ತೂತು ಮಾಡಿ ಪೈಪು ಕೂರಿಸ್ತಾರಂತೆ. ಆಮೇಲೆ ಮೂಗಿನ ಕಾಟ ಇರಲ್ಲ. ಒಳ್ಳೇದೇ ಅಲ್ವಾ?

ಅಲ್ವಾ ಅಂದೆ...

ಬೈಯೋದಿದ್ರೆ ಬಾಯ್ಬಿಟ್ಟು ಬೈದುಬಿಡೋ. ಸಣ್ಣೋನಿದ್ದಾಗ ಮೂರು ಹೊತ್ತೂ ನನ್ನ ಜೊತೆ ಜಗಳಾಡ್ತಿದ್ದೆ, ಈಗೇನು ಬಂತು ನಿನಗೆ? ಹೀಗೆ ಸುಮ್ನೆ ಕೂತು ನೋಡಬೇಡ, ಒಳಗೆ ಅಪ್ಪಾನೂ ಹೀಗೇ ನೋಡ್ತಾರೆ...

ಎರಡ್ಸಲ ಒತ್ತಿದ್ರು. ಸಾಕಾ? ಹೂಂ ಅಂದ್ರು ಅಂತ ನಾನು ಡಾಕ್ಟ್ರಿಗೆ ಹೇಳ್ತಿದ್ದ ಹಾಗೇ ಮತ್ತೆ ಎರಡ್ಸಲ ಒತ್ತಿದ್ರು, ಬೆರಳು ನೋಯೋ ಹಾಗೆ. ಜನ ಆಡ್ಕೋತಾರೆ ಅಂತ ನಾನಂದಿದ್ದೆಲ್ಲ ಸುಳ್ಳು ಕಣೋ, ಅಪ್ಪ ಇಲ್ದೆ ಇರೋಕೆ ನನಗೆ ಬರಲ್ಲ, ಅಷ್ಟೇ. ಅವರು ನನ್ನ ಮುಖಾನೇ ನೋಡ್ತಿದ್ರು. ಇನ್ನೊಂದ್ಸಲ ಒತ್ತೋದ್ರೊಳಗೆ ನಾನು ಕೈ ಬಿಡಿಸ್ಕೊಂಡೆ.