ಮಾಳಪ್ಪನ ಮಗ್ಗ

೧೯೭೪ರ ಬೇಸಿಗೆ. ಹಿರಿಯೂರಿನ ಆಸ್ಪತ್ರೆಯಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದ ಬರಗೇರಮ್ಮನ ಪಕ್ಕಕ್ಕೆ ಕಂಬಳಿ ನೇಯುವ ಮುದುಕ ಮಾಳಪ್ಪ ಮಗಳೊಂದಿಗೆ ಬಂದು ಕುಳಿತ. ಅವನ ಮೈಯಿಂದ ಉಣ್ಣೆಯ ವಾಸನೆ ಬರುತ್ತಿತ್ತು.

“ಎಪ್ಪತ್ತಾತು ನಿಂಗೆ. ಕಾಲು ನೋಡಪ್ಪ, ಹೆಂಗೆ ಊದೈತೆ. ಮಗ್ಗ ತುಳಿಬ್ಯಾಡ ಅಂದಿಲ್ವಾ ಡಾಕ್ಟ್ರು?” ಮಗಳು ಗದರಿದಳು.

“ಮಗ್ಗದ ಸದ್ದು ಕೇಳ್ದಿದ್ರೆ ನಿಮ್ಮವ್ವ ಗಂಜಿ ಕುಡಿಯಲ್ಲ. ಮಲಗಿದಲ್ಲೇ ಮಖ ತಿರುಗಿಸ್ತಾಳೆ.”

“ನಿನ್ನೆ ಮೊನ್ನೆ ಎಲ್ಲಾ ಕುಡಿದ್ಳಲ್ಲ! ನನ್ನ ಕಣ್ಣು ತಪ್ಪಿಸಿ ನೇಯ್ತಿದೀಯ.”

“ನಾನು ಮಗ್ಗಕ್ಕೆ ಕುಂತು ಮೂರು ದಿನ ಆತು ಕಣವ್ವ.”

“ಮತ್ತೆ ಕಂಬಳಿ ಹೆಂಗೆ ದಿನಾ ಗೇಣುದ್ದ ಬೆಳೀತಾ ಐತೆ?”

“ಸದ್ದು ನಂಗೂ ಕೇಳ್ತೈತೆ. ಸದ್ದು ಬರುವಾಗ ಒಳಗೆ ಹೋಗಿ ನೋಡಾಕೆ ಧೈರ್ಯ ಆಗಿಲ್ಲ.”

ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಇನ್ನೆಷ್ಟು ಉಳಿದೈತೆ?”

“ಒಂದು ಗೇಣು. ಇವತ್ತಿಗೆ ಮುಗೀತೈತೆ.”

ಬರಗೇರಮ್ಮನಿಗೆ ತಡೆಯಲಾಗಲಿಲ್ಲ. “ಈಗ ಆಯಮ್ಮನ ತಾವ ಯಾರವ್ರಣ್ಣ?”

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಕಾಂಪೌಂಡರ್ ಮಾಳಪ್ಪನ ಹೆಸರು ಕೂಗಿದ. ಮಾಳಪ್ಪ ಆಗಲೇ ಊದಿದ ಕಾಲು ಎಳೆಯುತ್ತ ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದ.

“ಬೇಗ ಬಾರವ್ವ,” ಎಂದ. “ಅದು ಕಂಬಳಿ ಮುಗಿಸಿ ಮಗ್ಗದಿಂದ ಏಳಾದ್ರಾಗೆ ನಾನು ಹೋಗಿ ನಿಮ್ಮವ್ವನ ತಾವ ಕುಂತ್ಕಬೇಕು.”