ಚೀಲದೊಳಗಿನ ಕುಲಾವಿ

ಹೆರಿಗೆಯಲ್ಲಿ ಉಸಿರು ಸಿಗದೆ ಬಡಗಿಯ ಮಗುವಿನ ಮಿದುಳಿಗೆ ಪೆಟ್ಟಾಗಿತ್ತು. ಆಸ್ಪತ್ರೆಯವರು ಕೂಸನ್ನು ಬರಿಮೈಯಲ್ಲಿ ತಣ್ಣಗೆ ಮಲಗಿಸಿ, ಅವನು ತಂದ ಉಣ್ಣೆಯ ಕುಲಾವಿಯನ್ನು ಬೇಡವೆಂದು ವಾಪಸು ಕೊಟ್ಟಿದ್ದರು. ಅದನ್ನು ಹಿಡಿದು ಹೊರಗಿನ ಬೆಂಚಿನಲ್ಲಿ ಕೂತವನು ಒಳಗಿನ ಬಾಗಿಲನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಮೊಮ್ಮಗಳ ಕೈ ಹಿಡಿದು ಬಂದ ಅಜ್ಜಿಯೊಬ್ಬಳು ಬಾಗಿಲಲ್ಲೇ ನರ್ಸನ್ನು ತಡೆದಳು.

"ಗುರುತು ಸಿಕ್ತೇನಮ್ಮಾ?"

"ಮರೆಯೋದುಂಟಾ! ಶಾಲಿನ ಅಜ್ಜಿ! ಕದ್ದು ಮಗೂಗೆ ಶಾಲು ಹೊದಿಸಿದ್ರಿ, ನಾನು ಕಿತ್ತುಕೊಂಡಿದ್ದಕ್ಕೆ ರಾಕ್ಷಸಿ ಅಂತ ಬೈದ್ರಿ."

"ಇವಳು ಹುಟ್ಟಿದಾಗ ಅಳಲೂ ಇಲ್ವಲ್ಲ. ಚಳಿಗೇ ಹೋಗಿಬಿಡ್ತಾಳೆ ಅಂದ್ಕೊಂಡೆ. ತಣ್ಣಗಿಟ್ರೇನೇ ಮಿದುಳು ಉಳಿಯೋದು ಅಂತ ನನಗೇನು ಗೊತ್ತು?"

"ಈಗ ಹೇಗಿದ್ದಾಳೆ?"

"ಎಡಗಾಲು ಸ್ವಲ್ಪ ಎಳೀತಾಳೆ. ಬಾಯಿ ಮಾತ್ರ ಥೇಟ್ ನಂದೇ."

"ಹಾಗಾದ್ರೆ ಮನೇಲಿ ಯಾರಿಗೂ ಉಳಿಗಾಲ ಇಲ್ಲ ಬಿಡಿ!"

"ಅವತ್ತು ನೀನು ನನ್ನ ಮಾತಿಗೆ ಸೊಪ್ಪು ಹಾಕದೇ ಇದ್ದದ್ದೇ ನಮ್ಮ ಪುಣ್ಯ ಕಣಮ್ಮಾ. ಪುಟ್ಟೀ, ಅತ್ತೆಗೆ ಟಾಟಾ ಮಾಡು."

"ಟಾಟಾ, ರಾಕ್ಷಸಿ ಅತ್ತೆ!"

ನರ್ಸ್ ನಗುತ್ತಲೇ ಒಳಗೆ ಹೋದಳು. ಅಜ್ಜಿ, ಮೊಮ್ಮಗಳು ನಿಧಾನವಾಗಿ ಮೆಟ್ಟಿಲಿಳಿದರು. ಬಡಗಿ ಕುಲಾವಿಯನ್ನು ಮಡಿಸಿ, ಮಗುವನ್ನು ಮನೆಗೆ ಕರೆದೊಯ್ಯುವ ದಿನಕ್ಕೆಂದು ತಂದ ಬಟ್ಟೆಗಳ ಜೊತೆ ಚೀಲದಲ್ಲಿಟ್ಟ.