ಖಲಂದರ ಹೇಳಿದ ನಂಬರು

ಕಡೇ ಬಸ್ಸಿಳಿದು, ನಮ್ಮೂರ ಹೊರಗಿನ ಹಾಳು ಬಾವಿ ದಾಟಿ ಬರುತ್ತಿದ್ದ ನನ್ನ ಸೋದರಮಾವನ ಮಗ ವಿರುಪಾಕ್ಷಿ. ಅವನಿಗಾದದ್ದನ್ನೇ ಹೇಳುತ್ತೇನೆ. ಶಿವನಾಣೆ, ಒಂದು ಮಾತೂ ಕೂಡಿಸುವುದಿಲ್ಲ.

ಯಲಬುರ್ಗಾದಲ್ಲಿ ಅವನದು ಫೋಟೋ ಅಂಗಡಿ. ಅವತ್ತು ತಲೆ ಕೆಟ್ಟುಹೋಗಿತ್ತು. ಹಳೆ ಕಂಪ್ಯೂಟರ್ ಸುಟ್ಟಿತೆಂದು ಹೊಸದು ತಂದರೆ, ಅದಕ್ಕೆ ಹಳೆ ಸ್ಕ್ಯಾನರಿನ ಗುರುತೇ ಹತ್ತಲಿಲ್ಲ. ಗುರುತು ಹತ್ತಿಸಲು ಡ್ರೈವರ್ ಅನ್ನೋ ಸಾಫ್ಟ್‌ವೇರ್ ಬೇಕು. ಡ್ರೈವರ್ ಹುಡುಕಲು ಸ್ಕ್ಯಾನರಿನ ನಂಬರು ಬೇಕು. ನಂಬರಿನ ಮೇಲೋ, ಪ್ರತಿ ಆಯುಧ ಪೂಜೆಗೂ ಭಂಡಾರದ ಅರಿಸಿನ, ಕುಂಕುಮ ಬಳಿದೂ ಬಳಿದೂ ಎಲ್ಲ ಅಳಿಸಿಹೋಗಿತ್ತು. ಸಿಕ್ಕ ಸಿಕ್ಕ ಡ್ರೈವರ್ ಹಾಕಿ ನೋಡಿದ. ಪ್ರತಿ ಸಲವೂ... ಟುಡುಂಗ್... ಆಮೇಲೆ ಏನೂ ಇಲ್ಲ.

ಮುದುಕಿ ಫಕೀರಮ್ಮ ಬೆಳಗಿನಿಂದ ಅಂಗಡಿ ಕಟ್ಟೆಯ ಮೇಲೇ ಕೂತಿದ್ದಳು. ತೀರಿಹೋದ ಗಂಡನ ಇದ್ದೊಂದು ಫೋಟೋವನ್ನು ಗೆದ್ದಲು ತಿಂದಿತ್ತು. ಉಳಿದದ್ದು ನೆಗೆಟಿವ್ ಮಾತ್ರ, ಅದನ್ನು ಸ್ಕ್ಯಾನ್ ಮಾಡಿಯೇ ಹೊಸ ಫೋಟೋ ತೆಗೆಯಬೇಕು. ಮರುದಿನ ವರ್ಷದ ಪೂಜೆ. "ಪಟಾನ ಇಲ್ಲಂದ್ರ ಯಾರಿಗೆ ಮಾಲಿ ಹಾಕ್ಲೋ ಯಪ್ಪಾ?" ಅಂದು ಸಂಜೆ ಎದ್ದುಹೋಗಿದ್ದಳು. ಆ ಮಾತು ಇವನ ಕಿವಿಯಲ್ಲೇ ಇತ್ತು.

ಬಾವಿ ಹತ್ತಿರ ಬಂದಾಗ, ಕಿರ್ರ್... ಕಿರ್ರ್... ನೀರು ಸೇದುವ ಗಡಗಡಿ ತಿರುಗಿದ ಸದ್ದು. ಆ ಗಡಗಡಿ ಕಿತ್ತೊಯ್ದು ವರ್ಷಗಳಾಗಿವೆ. ಅದೂ ಇವನ ಲಕ್ಷ್ಯಕ್ಕೆ ಬರಲಿಲ್ಲ.

"ಅಣ್ಣಾರ... ಸ್ಕ್ಯಾನರ್ ನಡೀತೇನ್ರಿ?"

ಪಿಸುಮಾತು. ನೋಡಿದರೆ ಬಾವಿ ಕಟ್ಟೆಯ ಮೇಲೆ ಖಲಂದರ. ಆ ಸ್ಕ್ಯಾನರ್ ಮೊದಲು ಜೋಡಿಸಿ ಕೊಟ್ಟವನೇ ಅವನು. ಇವನಿಗೆ ಸಿಟ್ಟು ನೆತ್ತಿಗೇರಿತು.

"ಎಲ್ಲಿ ಹಾಳಾಗಿ ಹೋಗಿದ್ಯೋ? ನಂಬರ ಕಾಣವಲ್ದು, ಡ್ರೈವರ್ ಸಿಗವಲ್ದು!"

"ಭಂಡಾರ ಹಚ್ಚಬ್ಯಾಡ್ರಿ ಅಂತ ಎಷ್ಟು ಸಲ ಹೇಳೀನಿ... ಕೇಳಿದ್ರೇನ್ರಿ?"

"ಭಾಳ ಶಾಣ್ಯಾ ಆಗಬ್ಯಾಡ. ನಂಬರ ಹೇಳು."

"ಅರವತ್ತೆರಡು... ಹದಿನೇಳು. ಹೊಸಾ ಡ್ರೈವರ್ ಬ್ಯಾಡ್ರಿ. ಹಳೇದ ಹಾಕ್ರಿ."

"ಇದನ್ನ ಮುಂಜಾನೆ ಬಂದು ಹೇಳಾಕ ಏನಾಗಿತ್ತು ನಿನಗ?"



ವಿರುಪಾಕ್ಷಿ ಗೊಣಗುತ್ತಲೇ ಮನೆ ಮುಟ್ಟಿದ. ಬಚ್ಚಲಲ್ಲಿ ಕಾಲಿಗೆ ನೀರು ಹಾಕಿಕೊಳ್ಳುವಾಗ ನೆನಪಾಯಿತು. ಹೋದ ರಂಜಾನಿನಲ್ಲಿ ತೀರಿಕೊಂಡ ಖಲಂದರನ ಮಣ್ಣಿಗೆ ತಾನೇ ಹೋಗಿಬಂದಿದ್ದ. ಚಂಬು ಕೈಜಾರಿತು. ಠಣ್!

ಆ ಸದ್ದಿಗೆ ಪಕ್ಕದ ಮನೆಯಿಂದ ಓಡಿಬಂದವನು ನಾನು. ವಿಭೂತಿ ಹಚ್ಚಿ ಕೂಡಿಸಿದೆ. ಬೆಳಗಾಗುವತನಕ ಬಾವಿ ಹತ್ತಿರ ಆದದ್ದನ್ನೇ ಹೇಳಿದ. ಆದರೂ ಫಸ್ಟ್ ಬಸ್ಸಿಗೆ, "ಮುದುಕಿ ಪೂಜಿ ಐತಿ, ಹೋಗೂಣು ನಡಿ" ಅಂದ. ಜೊತೆಗೆ ಹೋದೆ.

ಅಂಗಡಿಯಲ್ಲಿ ಕಂಪ್ಯೂಟರಿಗೆ ಆ ನಂಬರು ಒತ್ತಿದ. ಹಳೆ ಡ್ರೈವರ್ ಸಿಕ್ಕಿತು, ಕೂತೂಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಫಕೀರಮ್ಮ ಗಂಡನ ಪಟಕ್ಕೆ ಮಾಲೆ ಹಾಕಿದಳು. ಅದೆಲ್ಲ ಸರಿ.

ನೆಗೆಟಿವ್ ಇಡಲು ಸ್ಕ್ಯಾನರಿನ ಮುಚ್ಚಳ ಎತ್ತಿದವನು ನಾನು. ಆಗಿನ್ನೂ ಅದಕ್ಕೆ ಕರೆಂಟ್ ಕೊಟ್ಟಿರಲಿಲ್ಲ. ವಯರು ನೆಲದ ಮೇಲೆ ಬಿದ್ದಿತ್ತು... ಈಗಷ್ಟೇ ಯಾರೋ ನಡೆಸಿ ನೋಡಿದಂತೆ ಗಾಜು ಬೆಚ್ಚಗಿತ್ತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಕೈಯಿಟ್ಟು ನೋಡಿದ್ದೇನೆ.